ಕೌಂಟರಿನ ಮೇಲಿನ ಎರಡು ರೂಪಾಯಿ

ತ್ಯಾಗರಾಜನಗರ, ಬೆಂಗಳೂರು
9-6-2025

ಸಪ್ಪಲಮ್ಮಜ್ಜಿಗೆ ವಿನುತಾ ಮಾಡುವ ನಮಸ್ಕಾರ.

ಮೊಮ್ಮಗಳು ತೇಜಸ್ವಿನಿಯ ಬಾಣಂತನ ಹೇಗೆ ನಡೆದಿದೆ, ಮಗು ಹೇಗಿದೆ ಎಂದು ಮೊದಲು ಕೇಳಬೇಕು. ಕೇಳಿದೆ ಎಂದುಕೊಳ್ಳಿ. ನನಗೀಗ ಅಷ್ಟು ತಾಳ್ಮೆ ಇಲ್ಲ.

ನಾನು ಕೆಲಸಕ್ಕೆ ಹೋಗದೆ ಐದು ದಿನವಾಯಿತು. ಮಾಲೂರಿಗೆ ಹೊರಡುವ ಮುಂಚೆ, ಮೇ ಮೂವತ್ತೊಂದರಂದು, ನೀವು ನಮ್ಮ ಚಾಮರಾಜಪೇಟೆಯ ಧರ್ಮ ಔಷಧಾಲಯಕ್ಕೆ ಬಂದು ಎರಡು ತಿಂಗಳ ಬಿ.ಪಿ. ಮಾತ್ರೆ ತೆಗೆದುಕೊಂಡು ಹೋದಿರಲ್ಲ, ಆಗ ಕೌಂಟರಿನ ಮೇಲೆ ಒಂದೊಂದು ರೂಪಾಯಿಯ ಎರಡು ನಾಣ್ಯ ಇಟ್ಟಿರಿ. ನಿಮ್ಮ ಹಿಂದೆ ಸಾಲಿನಲ್ಲಿ ನಂದಕುಮಾರ್ ಎನ್ನುವವನು ನಿಂತಿದ್ದ. ಅದನ್ನು ಫೋನಿನಲ್ಲಿ ಹಿಡಿದು, ‘ಬೋರ್ಡಿನಲ್ಲಿ ಉಚಿತ, ಕೌಂಟರಿನಲ್ಲಿ ವಸೂಲಿ’ ಎಂದು ಬರೆದು ಪೇಟೆಗೆಲ್ಲ ಹಂಚಿದ್ದಾನೆ.

ಏಪ್ರಿಲ್ ಒಂದರಿಂದ ಚೀಟಿಗೆ ಹತ್ತು ರೂಪಾಯಿ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಎಲ್ಲ ಔಷಧಿಯನ್ನೂ ಪುಕ್ಕಟೆ ಮಾಡಿದ್ದು ಟ್ರಸ್ಟಿನ ಕಾರ್ಯದರ್ಶಿ ವೇಣುಗೋಪಾಲ್ ಅವರು. ಹಾರ ಹಾಕಿಸಿಕೊಂಡು ಬೋರ್ಡು ತೂಗಿಸಿದ್ದನ್ನು ನೀವೂ ನೋಡಿದ್ದೀರಿ. ಅವರಿಗೆ ಇದು ಹೇಗಾಗಿರಬೇಕು? ನನ್ನನ್ನು ಕರೆಸಿ, “ಹತ್ತು ರೂಪಾಯಿ ನಾವ್ ತೆಗೆದ್ವಿ, ಎರಡು ರೂಪಾಯಿ ನೀವ್ ಹಾಕಿದ್ರಾ?” ಎಂದರು. ಕೌಂಟರಿನಲ್ಲಿ ಸಿಕ್ಕ ಆ ಎರಡೂ ನಾಣ್ಯಗಳನ್ನು ಸಾಕ್ಷಿ ಎಂದು ಕವರಿಗೆ ಹಾಕಿ, ಅರಗು ಒತ್ತಿ, ಬೀರುವಿನಲ್ಲಿ ಇಟ್ಟಿದ್ದಾರೆ. ವಿಚಾರಣೆ ಮುಗಿಯುವವರೆಗೂ ನಾನು ಒಳಗೆ ಕಾಲಿಡುವ ಹಾಗಿಲ್ಲ.

ನಾನು ನಾಣ್ಯವನ್ನು ನೋಡಲೇ ಇಲ್ಲ ಎಂದು ಹೇಳಿದ್ದೇನೆ. ನೀವು ಒಂದು ಉಪಕಾರ ಮಾಡಬೇಕು. ‘ನಾನೇ ಇಟ್ಟೆ, ಯಾರೂ ಕೇಳಲಿಲ್ಲ’ ಎಂದು ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ ಅವರಿಗೆ ಕಳುಹಿಸಿ. ಫೋನಿನಲ್ಲಿ ಹೇಳಿದರೆ ಒಪ್ಪುವುದಿಲ್ಲವಂತೆ. ಹೇಗಿದ್ದರೂ ಫೋನು ಮಾಡಿದರೆ ನಿಮ್ಮ ತೇಜಸ್ವಿನಿ ಎತ್ತಿ, “ಅಜ್ಜಿಗೆ ಫೋನಲ್ಲಿ ಏನೂ ಕೇಳ್ಸಲ್ಲ ಮೇಡಂ” ಎನ್ನುತ್ತಾಳೆ.

ಹನ್ನೊಂದು ವರ್ಷ ಅದೇ ಕಿಟಕಿಯ ಹಿಂದೆ ನಿಂತಿದ್ದೇನೆ. ಈ ಹೆಸರು ಹೊತ್ತು ಹೊರಗೆ ಬಿದ್ದರೆ ಬೇರೆ ಯಾವ ಮೆಡಿಕಲ್ ಸ್ಟೋರಿನವರು ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ? ಕಾಗದ ಕಂಡ ದಿನವೇ ಬರೆಯಿರಿ.

ವಿನುತಾ

⁕

ಮಾಲೂರು
14-6-2025

ವಿನುತಮ್ಮನಿಗೆ ಸಪ್ಪಲಮ್ಮನ ಆಶೀರ್ವಾದ.

ನೀನು ಕೇಳದಿದ್ದರೂ ಹೇಳುತ್ತೇನೆ. ಮಗು ಚೆನ್ನಾಗಿದೆ, ಹಗಲೆಲ್ಲ ಮಲಗುತ್ತದೆ. ಮೊಮ್ಮಗಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳೇ ಎಂದರೆ ಸೆಕೆ ಎನ್ನುತ್ತಾಳೆ. ಸಬ್ಬಸಿಗೆ ಪಲ್ಯ ಬಡಿಸಿದರೆ ಮೂಗು ಮುಚ್ಚುತ್ತಾಳೆ. ನಲವತ್ತು ವರ್ಷ ಗಾಂಧಿಬಜಾರಿನಲ್ಲಿ ಸೊಪ್ಪು ಮಾರಿದವಳ ಮನೆಯಲ್ಲಿ ಇಂಥದ್ದು ಹುಟ್ಟಿದೆ.

ನಿನ್ನ ಕಾಗದವನ್ನು ಅವಳು ಓದಿ ಹೇಳುತ್ತೇನೆ ಎಂದಳು, ನಾನು ಬಿಡಲಿಲ್ಲ. ಏಳನೇ ಕ್ಲಾಸು ಪಾಸು ಮಾಡಿದವಳು ನಾನು. ಓದಿ ಹೊಟ್ಟೆ ಉರಿದುಹೋಯಿತು. ಆ ನಂದಕುಮಾರ ಯಾರ ಮಗ ಎಂದು ನನಗೆ ಗೊತ್ತು. ಒಂದು ಕಟ್ಟು ದಂಟು ಕೊಂಡು ಎರಡು ಹಿಡಿ ಕೊತ್ತಂಬರಿ ಕೊಸರು ಕೇಳುತ್ತಿದ್ದಳು ಅವನ ತಾಯಿ. ಅವನು ನಮಗೆ ನ್ಯಾಯ ಹೇಳುತ್ತಾನೆ.

‘ನಾನೇ ಇಟ್ಟೆ ಎಂದು ಬರೆಯಿರಿ’ ಎಂದಿದ್ದೀಯ. ಅವರು ಹೆದರಿಸಿ ನಿನ್ನ ಕೈಯಲ್ಲಿ ಹಾಗೆ ಬರೆಸಿದ್ದಾರೆ ಎಂದು ನನಗೆ ಅರ್ಥವಾಗದೆ ಇರುತ್ತದೆಯೇ? ಇಟ್ಟೆ ಎಂದು ನಾನು ಒಪ್ಪಿಕೊಂಡರೆ ನೀನು ತೆಗೆದುಕೊಂಡೆ ಎಂದೇ ಆಯಿತಲ್ಲ. ಅಷ್ಟು ದಡ್ಡಿ ನಾನಲ್ಲ. ನಿನ್ನೆಯೇ ಕಾರ್ಯದರ್ಶಿಗೆ ಹೀಗೆ ಬರೆದು ಹಾಕಿದ್ದೇನೆ: ‘ನಾನು ನಿಮ್ಮ ಔಷಧಾಲಯದಲ್ಲಿ ಯಾರಿಗೂ ಒಂದು ಕಾಸೂ ಕೊಟ್ಟಿಲ್ಲ. ಫೋನಿನಲ್ಲಿ ಇರುವುದು ನಾನಲ್ಲ. ನನ್ನ ಹಾಗೆ ಸೀರೆ ಉಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.’ ಕೆಳಗೆ ಸಹಿಯನ್ನೂ ಮಾಡಿದ್ದೇನೆ. ಇನ್ನು ಧೈರ್ಯವಾಗಿರು.

ಒಂದು ಮಾತು. ಆ ಎರಡು ನಾಣ್ಯ ಈಗ ನಿನ್ನ ಹತ್ತಿರ ಇಲ್ಲವೇ? ಬೀರುವಿನಲ್ಲೇ ಇವೆಯೇ? ಅದನ್ನು ಮರೆಯದೆ ಬರೆ.

ಸಪ್ಪಲಮ್ಮ

⁕

ತ್ಯಾಗರಾಜನಗರ
19-6-2025

ಸಪ್ಪಲಮ್ಮಜ್ಜಿ,

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಿರಿ.

ನಿನ್ನೆ ಕಾರ್ಯದರ್ಶಿಗಳು ನನ್ನನ್ನು ಕರೆಸಿ ಒಂದು ಕೈಯಲ್ಲಿ ನಿಮ್ಮ ಕಾಗದ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೂತರು. ವಿಡಿಯೋದಲ್ಲಿ ನಿಮ್ಮ ಕೆಂಪು ಕಲ್ಲಿನ ಮೂಗುಬೊಟ್ಟು ಕಾಣುತ್ತದೆ. ಹಸಿರು ಪ್ಲಾಸ್ಟಿಕ್ ಬುಟ್ಟಿ ಕಾಣುತ್ತದೆ. ಸಾಲದ್ದಕ್ಕೆ ನಾನೇ “ಸಪ್ಪಲಮ್ಮಜ್ಜಿ, ಬೆಳಿಗ್ಗೆ ಒಂದೇ ಒಂದು, ಮರೀಬೇಡಿ” ಎಂದು ಹೆಸರು ಹಿಡಿದು ಕೂಗಿದ್ದು ಕೇಳಿಸುತ್ತದೆ. ಅದು ನೀವಲ್ಲವಂತೆ!

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಈ ವಯಸ್ಸಾದೋರ ಕೈಲಿ ಸುಳ್ಳು ಬರ್ಸಿದೀರಲ್ಲಮ್ಮ,” ಎಂದರು. ಎರಡು ರೂಪಾಯಿಯ ಆರೋಪದ ಜೊತೆಗೆ ಈಗ ಸುಳ್ಳು ಸಾಕ್ಷಿ ಹುಟ್ಟಿಸಿದ ಆರೋಪವೂ ಸೇರಿತು.

ಯಾರೂ ನನ್ನನ್ನು ಹೆದರಿಸಿ ಬರೆಸಿಲ್ಲ. ನಾನು ಬರೆದದ್ದರ ಅರ್ಥ ನಾನು ಬರೆದಷ್ಟೇ. ದಯವಿಟ್ಟು ಅದರ ಹಿಂದೆ ಇನ್ನೊಂದನ್ನು ಹುಡುಕಬೇಡಿ. ಇಟ್ಟಿದ್ದು ನಿಜ, ನೀವೇ ಇಟ್ಟಿದ್ದೂ ನಿಜ. ಅಷ್ಟು ಬರೆದರೆ ಸಾಕು.

ಹೌದು, ನಾಣ್ಯ ಬೀರುವಿನಲ್ಲೇ ಇದೆ. ನನ್ನ ಕೆಲಸ ಹೋಗುತ್ತಿರುವಾಗ ನಿಮಗೆ ಆ ಎರಡು ರೂಪಾಯಿಯ ಚಿಂತೆಯೇ? ಬೇಕಾದರೆ ನಾನೇ ಮನಿಯಾರ್ಡರ್ ಮಾಡುತ್ತೇನೆ.

ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ತಾನೆ?

ವಿನುತಾ

⁕

ಮಾಲೂರು
24-6-2025

ವಿನುತಮ್ಮನಿಗೆ,

ನಿನ್ನ ಕಾಗದ ಓದಿ ಎರಡು ದಿನ ಪೆನ್ನು ಮುಟ್ಟಲಿಲ್ಲ. ದೊಡ್ಡವಳಿಗೆ ಮನಿಯಾರ್ಡರ್ ಮಾಡುತ್ತೇನೆ ಎಂದು ಬರೆಯುತ್ತೀಯಲ್ಲ, ನಾನು ನಿನ್ನ ಹತ್ತಿರ ದುಡ್ಡು ಕೇಳಿದೆನೇ? ಬೇಸರವಾಯಿತು. ಆಮೇಲೆ, ಪಾಪ, ಕೆಲಸ ಇಲ್ಲದೆ ಮನೆಯಲ್ಲಿ ಕೂತವಳು, ಬಾಯಿಗೆ ಬಂದದ್ದು ಬರೆದಿದ್ದಾಳೆ ಎಂದು ಸುಮ್ಮನಾದೆ.

ನೀನು ಹೇಳಿದ ಹಾಗೆಯೇ ಈ ಸಲ ‘ಇಟ್ಟಿದ್ದು ನಾನೇ’ ಎಂದು ಕಾರ್ಯದರ್ಶಿಗೆ ಬರೆದಿದ್ದೇನೆ. ಆದರೆ ಸುಮ್ಮನೆ ಇಟ್ಟೆ ಎಂದರೆ ಯಾರು ನಂಬುತ್ತಾರೆ? ಅದಕ್ಕೊಂದು ಕಾರಣ ಬೇಡವೇ? ಅದಕ್ಕೆ, ‘ವಿನುತಮ್ಮ ಅವತ್ತು ನನ್ನ ಹತ್ತಿರ ಮೆಂತ್ಯದ ಸೊಪ್ಪು ಕೊಂಡಿದ್ದಳು, ಅದರ ಚಿಲ್ಲರೆ ವಾಪಸು ಕೊಟ್ಟೆ’ ಎಂದು ಸೇರಿಸಿದ್ದೇನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇದಕ್ಕೆ ಅವರು ಏನು ಹೇಳುತ್ತಾರೋ ನೋಡೋಣ.

ಏಪ್ರಿಲಿನಲ್ಲಿ ನಿನಗೆ ಜ್ವರ ಬಂದು ಗಂಟಲು ಕಟ್ಟಿತ್ತಲ್ಲ, ಅದು ಪೂರ್ತಿ ಹೋಯಿತೇ? ಮೂರು ಸಲ ಕೇಳಬೇಕೆಂದುಕೊಂಡು ಮರೆತೆ. ಪುಕ್ಕಟೆ ಆದಮೇಲೆ ನಿನ್ನ ಕಿಟಕಿಯ ಮುಂದೆ ನಲವತ್ತು ಜನ ಇದ್ದದ್ದು ಇನ್ನೂರಾಯಿತು. ನೀನು ಸೊರಗಿದ್ದನ್ನು ನಾನು ನೋಡಿದ್ದೇನೆ.

ಮಾತ್ರೆ ಡಬ್ಬಿಯಲ್ಲಿ ಭದ್ರವಾಗಿದೆ. ಅದರ ಯೋಚನೆ ಬೇಡ.

ಸಪ್ಪಲಮ್ಮ

⁕

ತ್ಯಾಗರಾಜನಗರ
28-6-2025

ಅಜ್ಜಿ,

ಭದ್ರವಾಗಿದೆ ಎಂದರೇನು? ಅದು ಮಾತ್ರೆ, ಮದುವೆ ಒಡವೆ ಅಲ್ಲ. ಅರವತ್ತು ಕೊಟ್ಟಿದ್ದೆ. ಇವತ್ತಿಗೆ ಇಪ್ಪತ್ತೆಂಟು ಹೊಟ್ಟೆಗೆ ಹೋಗಿರಬೇಕಿತ್ತು. ಎಣಿಸಿ ಬರೆಯಿರಿ.

ಮೆಂತ್ಯದ ಸೊಪ್ಪಿನ ಕಥೆ ಕಾರ್ಯದರ್ಶಿಗಳಿಗೆ ತಲುಪಿದೆ. ಕೌಂಟರಿನಲ್ಲಿ ಕೂತು ಸೊಪ್ಪಿನ ವ್ಯಾಪಾರ ಬೇರೆ ಮಾಡುತ್ತಿದ್ದೆ ಎಂದು ಮೂರನೆಯ ಆರೋಪ ಬರೆದುಕೊಂಡಿದ್ದಾರೆ. ಇನ್ನೊಂದು ಕಾಗದ ನೀವು ಬರೆದರೆ ನಾನು ಜೈಲಿಗೇ ಹೋಗುತ್ತೇನೇನೋ.

ನಿಮ್ಮನ್ನೇ ಬೈದು ಏನು ಪ್ರಯೋಜನ, ಮೊದಲ ಸುಳ್ಳು ನನ್ನದೇ. ನಾಣ್ಯ ನೋಡಲಿಲ್ಲ ಎಂದೆ. ನೋಡಿದ್ದೆ. ಏಪ್ರಿಲಿನಲ್ಲಿ ನೀವು ಮೊದಲ ಸಲ ರೂಪಾಯಿ ಇಟ್ಟಾಗ, “ಈಗ ದುಡ್ಡಿಲ್ಲ ಅಜ್ಜಿ, ತಗೊಳ್ಳಿ” ಎಂದು ವಾಪಸು ತಳ್ಳಿದೆ. ನೀವು ಮಾತ್ರೆಯನ್ನೇ ಅಲ್ಲಿ ಬಿಟ್ಟು ಹೊರಟಿರಿ. ಗೇಟಿನ ತನಕ ಓಡಿ ಬಂದೆ, ಬುಟ್ಟಿ ಎತ್ತಿಕೊಂಡು ತಿರುಗಿಯೂ ನೋಡಲಿಲ್ಲ. ಮುಂದಿನ ವಾರ ಡಾಕ್ಟರು ನಿಮ್ಮ ಬಿ.ಪಿ. ನೋಡಿದರೆ ನೂರಾ ತೊಂಬತ್ತು. ಅವತ್ತು ನೀವು ರೂಪಾಯಿ ಇಟ್ಟಾಗ ನಾನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ, ಖಾಲಿ ಮಾತ್ರೆ ಬಾಟಲಿಗೆ ಹಾಕಿದೆ. ಒಂದು ರೂಪಾಯಿ ತೆಗೆದುಕೊಂಡರೆ ಈ ಹೆಂಗಸು ಮಾತ್ರೆ ನುಂಗುತ್ತಾಳೆ ಎಂದಾದರೆ ನಿಯಮದ ಮನೆ ಹಾಳಾಗಲಿ ಎನ್ನಿಸಿತು. ಪುಕ್ಕಟೆ ಮದ್ದು ನಾಟುವುದಿಲ್ಲ ಎಂಬ ನಿಮ್ಮ ನಂಬಿಕೆ ನನಗೇನು ಗೊತ್ತಿಲ್ಲವೇ? ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದಳು.

ಜುಲೈ ಹನ್ನೊಂದಕ್ಕೆ ವಿಚಾರಣೆ. ನಾಣ್ಯ ತೆಗೆದುಕೊಂಡದ್ದು ನಿಜ ಎಂದು ನಾನು ಬರೆದುಕೊಡುತ್ತಿದ್ದೇನೆ. ನೀವೂ ನಿಜ ಬರೆಯಿರಿ. ಪುಕ್ಕಟೆ ಮದ್ದು ನಾಟುವುದಿಲ್ಲ ಎಂದು ಇಟ್ಟೆ, ಅಷ್ಟೇ. ನನ್ನನ್ನು ಕಾಪಾಡಲು ಹೋಗಬೇಡಿ, ಕೈ ಮುಗಿಯುತ್ತೇನೆ.

ವಿನುತಾ

⁕

ತ್ಯಾಗರಾಜನಗರ
5-7-2025

ಅಜ್ಜಿ,

ನಿಮ್ಮಿಂದ ಉತ್ತರ ಬರಲಿಲ್ಲ. ಬೆಳಿಗ್ಗೆ ತೇಜಸ್ವಿನಿಗೆ ಫೋನು ಮಾಡಿದೆ. ಮೊನ್ನೆ ಬಚ್ಚಲ ಹತ್ತಿರ ತಲೆ ಸುತ್ತಿ ಬಿದ್ದಿರಂತೆ. “ಮಾತ್ರೆ ಡಬ್ಬಿ ತೆಗೆದ್ ನೋಡಮ್ಮ” ಎಂದೆ. ತೆಗೆದು ಎಣಿಸಿದಳು. ಅರವತ್ತಕ್ಕೆ ನಲವತ್ತೆಂಟು ಹಾಗೇ ಇವೆಯಂತೆ.

ನನ್ನ ಕೆಲಸದ ವಿಷಯ ಬಿಡಿ. ಕಾಗದವನ್ನೂ ಬರೆಯಬೇಡಿ. ಮಾತ್ರೆ ನುಂಗಿ. ಪಾರ್ಶ್ವವಾಯು ಹೊಡೆದರೆ ಆ ಕೂಸನ್ನು ಎತ್ತಿಕೊಳ್ಳಲೂ ಕೈ ಬರುವುದಿಲ್ಲ. ಏನು ಹಠ ಇದು? ಯಾರ ಮೇಲೆ?

ವಿನುತಾ

⁕

ಮಾಲೂರು
6-7-2025

ವಿನುತಮ್ಮನಿಗೆ,

ಬಿದ್ದದ್ದು ನಿಜ. ಮಂಡಿ ತರಚಿದೆ, ಅಷ್ಟೇ. ನಿನಗೆ ಗೊತ್ತಾಗಬಾರದು ಎಂದಿದ್ದೆ, ಆದರೆ ಆ ತೇಜಸ್ವಿನಿಯ ಬಾಯಿಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ನಿನ್ನ ಹತ್ತಿರ ಹೇಳಿಯೇ ಇರುತ್ತಾಳೆ.

ನೀನು ಹೇಳಿದ ಹಾಗೆ ನಿಜ ಬರೆದಿದ್ದೇನೆ. ನೀನು ಹೇಳಿಕೊಟ್ಟ ನಿಜವಲ್ಲ, ನನ್ನ ನಿಜ. ಕಾರ್ಯದರ್ಶಿಗೆ ಹಾಕಿದ್ದರ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ ನಗಬೇಡ. ನೀನು ಓದಿದವಳು, ನಗುತ್ತೀಯ ಎಂದೇ ಇಷ್ಟು ದಿನ ಹೇಳಲಿಲ್ಲ. ಹೆದರಿಕೊಳ್ಳುತ್ತೀಯ ಎಂದೂ ಹೇಳಲಿಲ್ಲ.

ಸಪ್ಪಲಮ್ಮ

(ನಕಲು)

ಕಾರ್ಯದರ್ಶಿಗಳಿಗೆ,

ಮೊದಲು ಬರೆದ ಎರಡೂ ಕಾಗದ ಸುಳ್ಳು. ವಿನುತಮ್ಮ ಬರೆಸಿದ್ದಲ್ಲ, ನಾನೇ ಹೊಸೆದದ್ದು. ಅವನ್ನು ಹರಿದುಹಾಕಿ.

ನಮ್ಮಪ್ಪ ಶ್ರೀರಾಮಪ್ಪ ಲಾಲ್‌ಬಾಗಿನ ಹಿಂದುಗಡೆ ತೋಟ ಮಾಡಿಕೊಂಡಿದ್ದ. ಭಾನುವಾರ ಬೆಳಿಗ್ಗೆ ಕಾಮಾಲೆಗೆ ಬೇರು ಅರೆದು ಕೊಡುತ್ತಿದ್ದ. ಯಾರನ್ನೂ ಇಷ್ಟು ಕೊಡಿ ಎಂದು ಕೇಳಿದವನಲ್ಲ. ಆದರೆ ವೀಳ್ಯದೆಲೆಯ ಮೇಲೆ ಒಂದು ಕಾಸಾದರೂ ಇಡದೆ ಯಾರೂ ಮದ್ದು ತೆಗೆದುಕೊಂಡು ಹೋಗುವ ಹಾಗಿರಲಿಲ್ಲ. ಬರಿಗೈಯಲ್ಲಿ ತೆಗೆದುಕೊಂಡರೆ ತೆಗೆದುಕೊಂಡವರಿಗೆ ಏನೂ ಆಗುವುದಿಲ್ಲ, ಅವರಿಗೆ ವಾಸಿಯಾಗುತ್ತದೆ. ಆ ರೋಗ ಮದ್ದು ಕೊಟ್ಟವರ ಕೈ ಹಿಡಿಯುತ್ತದೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಇದು.

ನನಗೆ ಹನ್ನೆರಡು ವರ್ಷ ಆಗಿದ್ದಾಗ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಕಣ್ಣು ಅರಿಸಿನ ಆಗಿತ್ತು. ಆಯಮ್ಮನ ಸೆರಗಿನಲ್ಲಿ ಒಂದು ಕಾಸೂ ಇರಲಿಲ್ಲ. ಅಪ್ಪ ನನ್ನನ್ನು ಕರೆದು, “ಒಳಗಿಂದ ಒಂದ್ ಕಾಸು ತಂದು ಆಯಮ್ಮನ ಕೈಗೆ ಕೊಡು, ಅವ್ಳೇ ಇಡ್ಲಿ” ಎಂದ. ನಾನು ಕುಂಟೆಬಿಲ್ಲೆ ಆಡುತ್ತಿದ್ದೆ. ಹೂಂ ಎಂದು ಆಟಕ್ಕೆ ಓಡಿದೆ. ಮಗು ಕಿರುಚುತ್ತಿತ್ತು, ಅಪ್ಪ ಕಾಯದೆ ಮದ್ದು ಕೊಟ್ಟುಬಿಟ್ಟ. ಆ ಮಗು ಉಳಿಯಿತು. ತಿಂಗಳು ತುಂಬುವುದರೊಳಗೆ ಅಪ್ಪನ ಕಣ್ಣು ಹಳದಿಯಾಯಿತು. ದೀಪಾವಳಿಗೆ ಅಪ್ಪ ಇರಲಿಲ್ಲ. ಕಾಸು ತರಲಿಲ್ಲ ಎಂದು ನಾನು ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ನೀವು ಔಷಧಿ ಪುಕ್ಕಟೆ ಮಾಡಿದ್ದು ಒಳ್ಳೆಯ ಕೆಲಸ. ಹತ್ತು ರೂಪಾಯಿ ಇಲ್ಲದೆ ಚೀಟಿ ಮಡಚಿಕೊಂಡು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಬೇಡ ಎನ್ನುವುದಿಲ್ಲ. ಆದರೆ ಕೊಡುವವಳ ಗತಿ ಏನು ಎಂದು ಯಾರಾದರೂ ಯೋಚಿಸಿದಿರಾ? ಪುಕ್ಕಟೆ ಆದ ಎರಡನೇ ವಾರಕ್ಕೇ ವಿನುತಮ್ಮನಿಗೆ ಜ್ವರ ಹಿಡಿಯಿತು, ಗಂಟಲು ಹೋಯಿತು. ದಿನಕ್ಕೆ ಇನ್ನೂರು ಜನ ಬರಿಗೈಯಲ್ಲಿ ಅವಳ ಕೈಯಿಂದ ಮದ್ದು ತೆಗೆದುಕೊಂಡು ಹೋಗುತ್ತಿದ್ದರು. ಇನ್ನೂರು ಜನರ ಪಾಲು ಇಡಲು ನನ್ನ ಕೈಯಲ್ಲಿ ಆಗುವುದಿಲ್ಲ. ನನ್ನದೊಂದಾದರೂ ಅವಳಿಗೆ ಅಂಟದಿರಲಿ ಎಂದು ತಿಂಗಳಿಗೆ ಒಂದು ರೂಪಾಯಿ ಇಟ್ಟೆ. ಅವಳು ಕೇಳಲಿಲ್ಲ. ಬೇಡ ಎಂದಳು. ನಾನೇ ಬಿಡಲಿಲ್ಲ.

ಆ ಎರಡು ರೂಪಾಯಿಯನ್ನು ನೀವು ಬೀರುವಿನಲ್ಲಿ ಇಟ್ಟಿದ್ದೀರಂತೆ. ಅದು ಅವಳಿಗೆ ಸೇರಲಿಲ್ಲ ಎಂದು ಕಾಗದ ಬಂದ ದಿನದಿಂದ ನಾನು ಮಾತ್ರೆ ಮುಟ್ಟಿಲ್ಲ. ಅವಳ ಕೆಲಸ ಅವಳಿಗೆ ಕೊಡಿ. ನಾಣ್ಯವನ್ನೂ ಕೊಡಿ.

ಸಪ್ಪಲಮ್ಮ

⁕

ತ್ಯಾಗರಾಜನಗರ
14-7-2025

ಅಜ್ಜಿ,

ಇವತ್ತು ಕೆಲಸಕ್ಕೆ ಹೋಗಿ ಬಂದೆ.

ಶುಕ್ರವಾರ ಕಾರ್ಯದರ್ಶಿಗಳು ನಿಮ್ಮ ಕಾಗದವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲು ಶುರು ಮಾಡಿದರು. ಅರ್ಧಕ್ಕೆ ಬಂದಾಗ ದನಿ ಇಳಿಯಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ನನಗೆ ಎಚ್ಚರಿಕೆ ಪತ್ರ ಕೊಟ್ಟು, ಕೆಲಸಕ್ಕೆ ಬರಬಹುದು ಎಂದರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡಿರಾ? ನಿಮ್ಮ ಎರಡು ನಾಣ್ಯಗಳನ್ನು ನನಗೆ ಕೊಡಲು ನಿಯಮ ಇಲ್ಲವಂತೆ. ಅರಗು ಒಡೆದು ಟ್ರಸ್ಟಿನ ಹುಂಡಿಗೆ ಹಾಕಿ, ಎರಡು ರೂಪಾಯಿಗೆ ರಸೀದಿ ಬರೆದರು. ನನ್ನ ಕಿಟಕಿಗೆ ಹೊಸದೊಂದು ಬೋರ್ಡು ಬಂದಿದೆ: ‘ಔಷಧಿ ಸಂಪೂರ್ಣ ಉಚಿತ. ಕೌಂಟರಿನ ಮೇಲೆ ನಾಣ್ಯ, ಹೂವು, ವೀಳ್ಯದೆಲೆ, ಸೊಪ್ಪು ಮುಂತಾದವನ್ನು ಇಡಬಾರದು.’ ಸೊಪ್ಪು ಸೇರಿದ್ದು ನಿಮ್ಮ ದಯೆಯಿಂದ.

ಎಲ್ಲರೂ ಎದ್ದುಹೋದ ಮೇಲೆ ಕಾರ್ಯದರ್ಶಿಗಳು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದರು, “ಆ ಏಪ್ರಿಲ್ ಜ್ವರ ಈಗ ಪೂರ್ತಿ ವಾಸೀನಾಮ್ಮಾ?”

ಅಜ್ಜಿ, ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ ಬರೆಯಲು ಕಾಗದ ಸಾಲದು. ಬಿ.ಪಿ. ಅಂಟುವ ರೋಗ ಅಲ್ಲ. ನನ್ನ ಜ್ವರಕ್ಕೆ ಕಾರಣ ಇನ್ನೂರು ಜನರ ಕೆಮ್ಮು, ನಿಮ್ಮ ರೂಪಾಯಿಯಿಂದ ಅದೇನೂ ನಿಲ್ಲುತ್ತಿರಲಿಲ್ಲ. ನಿಮ್ಮಪ್ಪನ ಸಾವಿಗೂ ನಿಮ್ಮ ಆಟಕ್ಕೂ ಸಂಬಂಧವಿಲ್ಲ. ಕಾಮಾಲೆಯವರ ನಡುವೆ ವರ್ಷಗಟ್ಟಲೆ ಕೈ ಆಡಿಸಿದವರಿಗೆ ಅದು ಬರುವುದು ಆಶ್ಚರ್ಯವಲ್ಲ. ಹನ್ನೆರಡು ವರ್ಷದ ಹುಡುಗಿಯನ್ನು ಇನ್ನಾದರೂ ಬಿಟ್ಟುಬಿಡಿ.

ಆದರೆ ಹನ್ನೊಂದು ವರ್ಷದಲ್ಲಿ ಆ ಕಿಟಕಿಯ ಮುಂದೆ ಬಂದವರು ಬೇಗ ಕೊಡಿ ಎಂದಿದ್ದಾರೆ, ಕಡಿಮೆ ಕೊಟ್ಟೆ ಎಂದು ಜಗಳ ಆಡಿದ್ದಾರೆ. ಕೊಡುವವಳಿಗೆ ಏನಾಗುತ್ತದೆ ಎಂದು ಕೇಳಿದವರು ನೀವೊಬ್ಬರೇ. ನಿಮ್ಮ ನಕಲನ್ನು ಓದಿ ನಗಲಿಲ್ಲ, ಅತ್ತುಬಿಟ್ಟೆ.

ಈಗ ದಾರಿ ನೀವೇ ಹೇಳಿ. ನೀವು ಏನು ಹೇಳಿದರೂ ಒಪ್ಪುತ್ತೇನೆ, ಕೌಂಟರಿನ ಮೇಲೆ ಮಾತ್ರ ಏನನ್ನೂ ಇಡಬೇಡಿ. ಮಾತ್ರೆ ನುಂಗಿ. ನುಂಗಿ, ನುಂಗಿ, ನುಂಗಿ.

ವಿನುತಾ

⁕

(ಕಾರ್ಡು)

ಮಾಲೂರು
19-7-2025

ವಿನುತಮ್ಮನಿಗೆ,

ಹುಂಡಿಗೆ ಹಾಕಿದರಂತೆ! ದೇವರು ಕೊಟ್ಟರೂ ಪೂಜಾರಿ ಕೊಡುವುದಿಲ್ಲ. ಹೋಗಲಿ ಬಿಡು.

ಕೌಂಟರಿನ ಮೇಲೆ ಏನೂ ಇಡುವುದಿಲ್ಲ. ಈ ಕಾರ್ಡಿಗೆ ಐವತ್ತು ಪೈಸೆ ಕೊಟ್ಟಿದ್ದೇನೆ. ನಿನ್ನ ಹೆಸರು ಬರೆದು ನಿನ್ನ ಕೈ ಸೇರಲಿ ಎಂದು ಕೊಟ್ಟ ದುಡ್ಡು, ಅಂಚೆಯವನೇ ಸಾಕ್ಷಿ. ಹಿಂದಿನ ಲಕೋಟೆಗಳಿಗೆ ಐದೈದು ರೂಪಾಯಿ ಹೋಗಿದೆ, ಅದನ್ನೂ ಸೇರಿಸಿಕೊಳ್ಳಬಹುದು ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಸುಮ್ಮನೆ ಬಚ್ಚಲ ಹತ್ತಿರ ಬಿದ್ದೆ. ಇನ್ನು ಮಾತ್ರೆ ತೆಗೆದುಕೊಂಡ ತಿಂಗಳು ತಿಂಗಳೂ ನಿನಗೊಂದು ಕಾರ್ಡು ಬರುತ್ತದೆ. ಎದುರಿಗೇ ಇದ್ದರೂ ಬರುತ್ತದೆ. ಕಾರ್ಡಿನಲ್ಲಿ ಮುಚ್ಚುಮರೆ ಇಲ್ಲ, ನಿನ್ನ ಕಾರ್ಯದರ್ಶಿ ಬೇಕಾದರೆ ಓದಿಕೊಳ್ಳಲಿ.

ಅಪ್ಪನ ವಿಷಯ ನೀನು ಬರೆದದ್ದನ್ನು ಎರಡು ಸಲ ಓದಿದೆ. ನೀನು ಹೇಳುವುದು ಸರಿ ಇರಬಹುದು. ಆದರೂ ಕಾರ್ಡು ಹಾಕುತ್ತೇನೆ.

ಬೆಳಿಗ್ಗೆ ಎಂಟಕ್ಕೆ ತೇಜಸ್ವಿನಿಯ ಮುಂದೆಯೇ ಮಾತ್ರೆ ನುಂಗಿದೆ. ನಿನಗೆ ಮತ್ತೆ ಜ್ವರ ಬಂದರೆ ಮುಚ್ಚಿಡದೆ ಬರೆ. ಐವತ್ತು ಪೈಸೆ ಸಾಲಲಿಲ್ಲ ಎಂದು ಲಕೋಟೆ ಹಾಕುತ್ತೇನೆ.

ಸಪ್ಪಲಮ್ಮ